ಶಾಲೆಯ ಹೆಸರಿಗಿಂತ ಮೊದಲು ಹುಟ್ಟಿದ ತಾರೀಕು

ಶನಿವಾರ ಸಂಜೆ ಊರಿನಿಂದ ಬರುವ ಫೋನ್ ಕರೆಗಳಲ್ಲಿ ಒಂದು ಬಗೆಯವು ಈಚೆಗೆ ಹೆಚ್ಚಾಗಿವೆ. ಕರೆ ಮಾಡಿದವರು ದೂರದ ಸಂಬಂಧಿಯೋ, ಹಳೆಯ ಸಹೋದ್ಯೋಗಿಯೋ, ಅವರ ಪರಿಚಯದವರೋ ಆಗಿರುತ್ತಾರೆ. ಗಂಡನಿಗೋ ಹೆಂಡತಿಗೋ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿರುತ್ತದೆ, ವೀಸಾ ಬಂದಿರುತ್ತದೆ ಅಥವಾ ಇನ್ನೇನು ಬರಲಿರುತ್ತದೆ. ಚಳಿ ಮಳೆಯ ಮಾತು ಎರಡು ನಿಮಿಷ ನಡೆದ ಮೇಲೆ ನಿಜವಾದ ಪ್ರಶ್ನೆ ಹೊರಬೀಳುತ್ತದೆ: "ಒಳ್ಳೆ ಸ್ಕೂಲು ಯಾವ ಏರಿಯಾದಲ್ಲಿದೆ ಹೇಳ್ಬಿಡಿ ಮೇಡಂ, ಅಲ್ಲೇ ಮನೆ ಹುಡುಕ್ತೀವಿ." ಮಕ್ಕಳು ಎಷ್ಟನೇ ಕ್ಲಾಸು ಎಂದರೆ "ದೊಡ್ಡವನು ನೈನ್ತು, ಚಿಕ್ಕವಳು ಸೆವೆಂತು" ಎಂಬ ಉತ್ತರ ತಕ್ಷಣ ಬರುತ್ತದೆ. ಹುಟ್ಟಿದ ತಾರೀಕು ಹೇಳಿ ಎಂದಾಗ ಮಾತ್ರ ಆ ಕಡೆಯವರು ತಡವರಿಸುತ್ತಾರೆ. ಇವರೇನು ಜಾತಕ ನೋಡಲು ಹೊರಟಿದ್ದಾರೆಯೇ ಎಂಬ ಅನುಮಾನ ಬಂದಿದ್ದರೂ ಆಶ್ಚರ್ಯವಿಲ್ಲ.

ಏರಿಯಾದ ಪ್ರಶ್ನೆ ಎಲ್ಲಿಂದ ಬರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಬೆಂಗಳೂರಿನಲ್ಲಿ ನಾವು ಮೊದಲು ಶಾಲೆಯನ್ನು ಆರಿಸುತ್ತೇವೆ. ಅರ್ಜಿ, ತಂದೆತಾಯಿಯರ ಸಂದರ್ಶನ, ಫೀಸು ಎಲ್ಲ ಮುಗಿದ ಮೇಲೆ ಶಾಲೆಯ ಬಸ್ಸು ಊರಿನ ಇನ್ನೊಂದು ತುದಿಯಿಂದಲಾದರೂ ಮನೆಯ ತಿರುವಿನ ತನಕ ಬರುತ್ತದೆ. ದುಡ್ಡೂ ತಾಳ್ಮೆಯೂ ಇದ್ದವರಿಗೆ ಅಲ್ಲಿ ಆಯ್ಕೆ ಎಂಬುದು ನಿಜವಾಗಿಯೂ ಇದೆ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಫೀಸಿಲ್ಲ, ಡೊನೇಷನ್ ಇಲ್ಲ, ಯಾರದೋ ಶಿಫಾರಸಿನ ಪತ್ರಕ್ಕೆ ಕವಡೆ ಕಿಮ್ಮತ್ತಿಲ್ಲ. ಪೋಷಕರು ಬರೆದುಕೊಡುವುದು ತಮ್ಮ ಇಷ್ಟದ ಶಾಲೆಗಳ ಪಟ್ಟಿಯನ್ನಷ್ಟೇ. ಜಾಗಕ್ಕಿಂತ ಅರ್ಜಿಗಳು ಹೆಚ್ಚಾದಾಗ ಅಕ್ಕತಮ್ಮಂದಿರು ಅಲ್ಲಿದ್ದಾರೆಯೇ, ಮನೆಯಿಂದ ಶಾಲೆಗೆ ನೇರ ಗೆರೆ ಎಳೆದರೆ ಎಷ್ಟು ದೂರ, ಚರ್ಚಿನ ಶಾಲೆಯಾದರೆ ಚರ್ಚಿಗೆ ಹೋಗುವವರೇ ಎಂಬ ಮಾನದಂಡಗಳು ತೀರ್ಮಾನ ಮಾಡುತ್ತವೆ. ಆದ್ದರಿಂದ ಐದು ವರ್ಷದ ಮಗುವಿನ ಕೈ ಹಿಡಿದು ಬರುವವರು ಏರಿಯಾ ಕೇಳುವುದು ಸರಿಯೇ. ಹದಿಹರೆಯದ ಮಕ್ಕಳೊಂದಿಗೆ ಬರುವವರಿಗೆ, ಮಗು ಯಾವ ಶಾಲೆಗೆ ಸೇರುತ್ತದೆ ಎಂಬುದಕ್ಕಿಂತ ಯಾವ ತರಗತಿಯ ಯಾವ ತಿಂಗಳಿನಲ್ಲಿ ಬಂದು ಸೇರುತ್ತದೆ ಎಂಬುದೇ ಹೆಚ್ಚು ಮುಖ್ಯವೆಂದು ನಾನು ಈಗ ಎದುರು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ನನ್ನ ಇಬ್ಬರು ಮಕ್ಕಳನ್ನೂ, ನಮ್ಮ ಆಮೇಲೆ ಬಂದ ಮನೆಗಳ ಮಕ್ಕಳನ್ನೂ ನೋಡುತ್ತ ನೋಡುತ್ತ ಗಟ್ಟಿಯಾದ ಅಭಿಪ್ರಾಯ ಇದು.

ಒಬ್ಬಳು ಹಿಂದೆ, ಒಬ್ಬ ಮುಂದೆ

ಇಲ್ಲಿ ತರಗತಿಯನ್ನು ನಿರ್ಧರಿಸುವುದು ವಯಸ್ಸು. ಸೆಪ್ಟೆಂಬರ್ 1ರಿಂದ ಮುಂದಿನ ಆಗಸ್ಟ್ 31ರ ಒಳಗೆ ಹುಟ್ಟಿದವರೆಲ್ಲ ಒಂದೇ ತರಗತಿ. ಹನ್ನೊಂದು ತುಂಬಿ ಬಂದ ಸೆಪ್ಟೆಂಬರ್‌ನಲ್ಲಿ ಇಯರ್ 7, ಅಲ್ಲಿಂದ ವರ್ಷಕ್ಕೊಂದು ಮೆಟ್ಟಿಲು, ಇಯರ್ 11ರ ಕೊನೆಯಲ್ಲಿ ಜಿಸಿಎಸ್‌ಇ, ಅಂದರೆ ನಮ್ಮ ಹತ್ತನೆಯ ತರಗತಿಯದರಂಥ ಪಬ್ಲಿಕ್ ಪರೀಕ್ಷೆ. ಊರಿನಿಂದ ತಂದ ಮಾರ್ಕ್ಸ್ ಕಾರ್ಡನ್ನು ನೋಡಿ ಸಂತೋಷಪಡುತ್ತಾರೆ, ಅಷ್ಟೇ. ಡಿಸೆಂಬರ್‌ನಲ್ಲಿ ಹುಟ್ಟಿದ ನನ್ನ ಮಗಳು ಜಯನಗರದಲ್ಲಿ ಐಸಿಎಸ್‌ಇ ಒಂಬತ್ತನೆಯ ತರಗತಿ ಮುಗಿಸಿಕೊಂಡು ಏಪ್ರಿಲ್‌ನಲ್ಲಿ ಬಂದಳು. ಅವಳಿಗೆ ಸಿಕ್ಕಿದ್ದು ಇಯರ್ 9ರ ಕೊನೆಯ ಟರ್ಮ್. ಜೂನ್‌ನಲ್ಲಿ ಹುಟ್ಟಿದ ಮಗ ಆರನೆಯ ತರಗತಿ ಮುಗಿಸಿದ್ದ; ಅವನಿಗೆ ಸಿಕ್ಕಿದ್ದು ಇಯರ್ 7ರ ಕೊನೆಯ ಟರ್ಮ್. ಒಂದೇ ಮನೆಯಲ್ಲಿ ಒಬ್ಬಳು ಓದಿದ್ದನ್ನೇ ಮತ್ತೆ ಓದುವಂತಾಯಿತು, ಇನ್ನೊಬ್ಬ ಏಳನೆಯ ತರಗತಿಯ ಮುಖ್ಯಭಾಗವನ್ನೇ ಹಾರಿ ತನಗಿಂತ ಹಲವು ತಿಂಗಳು ದೊಡ್ಡ ಹುಡುಗರ ನಡುವೆ ಕೂತ. ಅಮ್ಮನಿಗೆ ವಿಷಯ ತಿಳಿಸಿದಾಗ ಅವರು ಮೊದಲು ಕೇಳಿದ್ದು, "ಅಯ್ಯೋ, ಹುಡುಗಿಗೆ ಒಂದು ವರ್ಷ ದಂಡ ಆಯ್ತಲ್ಲೇ?"

ದಂಡವಾಗಲಿಲ್ಲ. ಜಿಸಿಎಸ್‌ಇ ಎಂಬುದು ಇಯರ್ 10 ಮತ್ತು 11 ಸೇರಿ ಎರಡು ವರ್ಷದ ಓದು. ಅದರ ಮೊದಲ ದಿನದಿಂದ ಎಲ್ಲರ ಜೊತೆ ಕೂರಲು ಸಿಗುವುದು ಹೊರದೇಶದಿಂದ ಬರುವ ಮಗುವಿಗೆ ಸಿಗಬಹುದಾದ ದೊಡ್ಡ ಅನುಕೂಲ. ಎಕ್ಯೂಎ, ಎಡೆಕ್ಸೆಲ್, ಒಸಿಆರ್ ಎಂದು ಪರೀಕ್ಷಾ ಮಂಡಳಿಗಳು ಬೇರೆ ಬೇರೆ ಇವೆ. ಪ್ರತಿ ಶಾಲೆಯೂ ವಿಷಯಕ್ಕೊಂದರಂತೆ ತನಗೆ ಬೇಕಾದ ಮಂಡಳಿಯನ್ನು ಆರಿಸಿಕೊಳ್ಳುತ್ತದೆ. ಇಂಗ್ಲಿಷ್ ಸಾಹಿತ್ಯಕ್ಕೆ ಒಂದು ಶೇಕ್ಸ್‌ಪಿಯರ್ ನಾಟಕ, ಹತ್ತೊಂಬತ್ತನೆಯ ಶತಮಾನದ ಒಂದು ಕಾದಂಬರಿ, ಕವಿತೆಗಳ ಒಂದು ಗುಚ್ಛ ಇರಬೇಕೆಂಬುದು ಎಲ್ಲೆಡೆ ಒಂದೇ ಆದರೂ ಯಾವ ನಾಟಕ, ಯಾವ ಕಾದಂಬರಿ ಎಂಬುದು ಶಾಲೆಯಿಂದ ಶಾಲೆಗೆ ಬದಲಾಗುತ್ತದೆ. ಹೀಗಾಗಿ ಇಯರ್ 10ರ ನಡುವೆ ಬಂದವರಿಗೆ ಕೋರ್ಸಿನ ಒಂದು ಭಾಗ ಆಗಲೇ ಮುಗಿದಿರುತ್ತದೆ. ಇಯರ್ 11ರಲ್ಲಿ ಬಂದವರ ಪಾಡು ಇನ್ನೂ ಕಷ್ಟ.

ವಯಸ್ಸಿನ ಈ ನಿಯಮದ ವಿಚಿತ್ರವನ್ನು ಒಂದು ಲೆಕ್ಕದಿಂದ ತೋರಿಸಬಹುದು. ಒಂದೇ ಬೆಂಚಿನಲ್ಲಿ ಕೂತು 2025ರ ಮಾರ್ಚ್‌ನಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಬರೆದ ಇಬ್ಬರು ಹುಡುಗರನ್ನು ತೆಗೆದುಕೊಳ್ಳಿ. ಒಬ್ಬ ಹುಟ್ಟಿದ್ದು 2009ರ ಆಗಸ್ಟ್‌ನಲ್ಲಿ, ಇನ್ನೊಬ್ಬ ಅದೇ ವರ್ಷದ ನವೆಂಬರ್‌ನಲ್ಲಿ. ಇಬ್ಬರೂ ಆ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಬಂದರೆ ಆಗಸ್ಟ್‌ನವನಿಗೆ ಹದಿನಾರು ತುಂಬಿದೆ, ಅವನು ಇಯರ್ 12ಕ್ಕೆ ಸೇರಿ ಊರಿನ ಅಂಕಪಟ್ಟಿಯ ಬಲದ ಮೇಲೆ ಎ ಲೆವೆಲ್, ಅಂದರೆ ನಮ್ಮ ಪಿಯುಸಿಯಂಥ ಎರಡು ವರ್ಷದ ಓದು, ಶುರುಮಾಡಬಹುದು. ನವೆಂಬರ್‌ನವನದು ಇಯರ್ 11. ಹತ್ತನೆಯ ತರಗತಿ ಪಾಸಾಗಿದ್ದರೂ ಇನ್ನೊಂದು ಹತ್ತನೆಯ ತರಗತಿಯನ್ನು, ಅದೂ ಕೊನೆಯ ವರ್ಷದಿಂದ ಶುರುಮಾಡಿ, ಮುಂದಿನ ಮೇ ತಿಂಗಳಿಗೆ ಪರೀಕ್ಷೆ ಬರೆಯಬೇಕು. ವಯಸ್ಸಿನ ಗುಂಪು ಬಿಟ್ಟು ಮೇಲಿನ ತರಗತಿಗೆ ಸೇರಿಸಿಕೊಳ್ಳಿ ಎಂದು ಕೇಳಬಹುದು, ಒಪ್ಪುವುದು ಬಿಡುವುದು ಸೀಟು ಕೊಡುವವರ ವಿವೇಚನೆ. ಈ ಎರಡನೆಯ ಹುಡುಗನ ತಂದೆತಾಯಿ ಒಳ್ಳೆಯ ಏರಿಯಾದ ಪಟ್ಟಿ ಹಿಡಿದು ಕೂತರೆ ಏನು ಪ್ರಯೋಜನ? ಅವರಿಗೆ ಬೇಕಾದದ್ದು ಕ್ಯಾಲೆಂಡರು.

ರೆಡಿಂಗ್ ವಿಳಾಸ, ವೋಕಿಂಗ್‌ಹ್ಯಾಮ್ ಕೌನ್ಸಿಲ್

ನಾವು ಬಾಡಿಗೆಗೆ ಹಿಡಿದ ಮನೆ, ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್ ಊರಿಗೆ ಅಂಟಿಕೊಂಡ ಅರ್ಲಿಯಲ್ಲಿತ್ತು. ಅಂಚೆ ವಿಳಾಸದಲ್ಲಿ ರೆಡಿಂಗ್ ಎಂದೇ ಬರೆಯುತ್ತೇವೆ, ರೆಡಿಂಗ್ ವಿಶ್ವವಿದ್ಯಾಲಯದ ದೊಡ್ಡ ಉದ್ಯಾನ ಪಕ್ಕದಲ್ಲೇ ಇದೆ, ಊರೆಲ್ಲಿ ಎಂದು ಕೇಳಿದವರಿಗೆ ರೆಡಿಂಗ್ ಎಂದೇ ಹೇಳುತ್ತೇವೆ. ಶಾಲೆಯ ಅರ್ಜಿಗೆ ಬಂದಾಗ ಮಾತ್ರ ಅರ್ಲಿ ಸೇರುವುದು ವೋಕಿಂಗ್‌ಹ್ಯಾಮ್ ಕೌನ್ಸಿಲ್‌ಗೆ, ಅಂದರೆ ಪಕ್ಕದ ಊರಿನ ಸ್ಥಳೀಯ ಆಡಳಿತಕ್ಕೆ. ಪಶ್ಚಿಮದ ಕಡೆ ಟೈಲ್‌ಹರ್ಸ್ಟ್‌ನ ಸ್ವಲ್ಪ ಭಾಗ ಇನ್ನೊಂದು ಕೌನ್ಸಿಲ್‌ನದು. ವರ್ಷದ ನಡುವೆ ಬಂದು ಸೇರುವವರು ಶಾಲೆ ಯಾವ ಕೌನ್ಸಿಲ್‌ನ ಎಲ್ಲೆಯಲ್ಲಿದೆಯೋ ಅಲ್ಲಿ ವಿಚಾರಿಸಬೇಕು, ಕೌನ್ಸಿಲ್‌ನ ಹಿಡಿತದಲ್ಲಿಲ್ಲದ ಕೆಲವು ಅಕಾಡೆಮಿ ಶಾಲೆಗಳಾದರೆ (ಇವೂ ಸರ್ಕಾರದ ದುಡ್ಡಿನವೇ) ನೇರವಾಗಿ ಶಾಲೆಯನ್ನೇ ಕೇಳಬೇಕು. ಹೀಗೆ ಎರಡು ಮೈಲಿಯ ಸುತ್ತಳತೆಯೊಳಗೆ ಎರಡು ಮೂರು ಅರ್ಜಿಗಳು. ಅನೇಕ ಕೌನ್ಸಿಲ್‌ಗಳು ಸಹಿಯಾದ ಬಾಡಿಗೆ ಕರಾರನ್ನು ನೋಡುವ ತನಕ ಹೊಸ ವಿಳಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮನೆ ಹಿಡಿಯದೆ ಸೀಟು ಗೊತ್ತಾಗುವುದಿಲ್ಲ, ಸೀಟು ಗೊತ್ತಾಗದೆ ಮನೆ ಹಿಡಿಯಲು ಧೈರ್ಯ ಬರುವುದಿಲ್ಲ.

ಪತ್ರಿಕೆಗಳಲ್ಲಿ ಕಾಣುವ ಅಕ್ಟೋಬರ್ 31ರ ಕೊನೆಯ ದಿನ, ಮಾರ್ಚ್ 1ರಂದು ಸೀಟು ಹಂಚಿಕೆ, ಇವೆಲ್ಲ ಇಯರ್ 7ಕ್ಕೆ ಹೊಸದಾಗಿ ಸೇರುವ ಮಕ್ಕಳಿಗೆ. ಉಳಿದವರದು ಇನ್-ಇಯರ್ ಅರ್ಜಿ. ಯಾರೋ ಊರು ಬಿಟ್ಟು ಹೋಗಿ ತೆರವಾದ ಜಾಗಕ್ಕೆ ಕಾಯುವ ಕೆಲಸ. ಅರ್ಜಿಗೆ ಹದಿನೈದು ಶಾಲಾ ದಿನಗಳ ಒಳಗೆ ಉತ್ತರ ಕೊಡಬೇಕೆಂದು ನಿಯಮವಿದೆ. ಶಾಲಾ ದಿನ ಎಂಬ ಮಾತನ್ನು ಗಮನಿಸಬೇಕು: ಜುಲೈ ಕೊನೆಯಲ್ಲಿ ವಿಮಾನ ಇಳಿದು ಮರುದಿನವೇ ಅರ್ಜಿ ಹಾಕಿದರೂ ಬೇಸಿಗೆ ರಜೆಯ ಆರು ವಾರ ಆ ಲೆಕ್ಕಕ್ಕೆ ಬರುವುದಿಲ್ಲ, ಶಾಲೆಯಲ್ಲಿ ಫೋನ್ ಎತ್ತುವವರೂ ಇರುವುದಿಲ್ಲ. ನಮ್ಮವರು ಬಹುಪಾಲು ಬರುವುದು ಸರಿಯಾಗಿ ಆ ಹೊತ್ತಿಗೇ. ಕಾಯುವವರ ಪಟ್ಟಿಯೂ ನಾವು ಅಂದುಕೊಂಡ ಹಾಗಿಲ್ಲ. ಮೊದಲು ಬಂದವರಿಗೆ ಮೊದಲು ಎಂಬ ಸಾಲು ಅದಲ್ಲ. ನಿಮಗಿಂತ ಶಾಲೆಗೆ ಹತ್ತಿರ ಮನೆ ಮಾಡಿದವರು ನಾಳೆ ಅರ್ಜಿ ಹಾಕಿದರೆ ಮೂರನೆಯವರಾಗಿದ್ದ ನೀವು ನಾಲ್ಕನೆಯವರಾಗುತ್ತೀರಿ. ಸೀಟು ನಿರಾಕರಿಸಿದರೆ ಸ್ವತಂತ್ರ ಸಮಿತಿಯ ಮುಂದೆ ಮೇಲ್ಮನವಿಗೆ ಅವಕಾಶವಿದೆ. ಮೂರು ಮೈಲಿಗಿಂತ ದೂರದ ಶಾಲೆ ಸಿಕ್ಕಿ, ಅದಕ್ಕಿಂತ ಹತ್ತಿರದ ಯಾವ ಶಾಲೆಯಲ್ಲೂ ಜಾಗವಿಲ್ಲದಿದ್ದರೆ ಕೌನ್ಸಿಲ್ ಪ್ರಯಾಣದ ಖರ್ಚು ನೋಡಿಕೊಳ್ಳಬೇಕು. ಇದನ್ನು ಬಹಳ ಜನ ಕೇಳುವುದೇ ಇಲ್ಲ.

ಪ್ರವೇಶ ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸುವ ಸರ್ಕಾರಿ ಶಾಲೆಗಳಾದ ಗ್ರಾಮರ್ ಶಾಲೆಗಳ ಬಗ್ಗೆ ಒಂದು ಮಾತು, ಏಕೆಂದರೆ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಅರ್ಧ ಚರ್ಚೆ ಅದೇ. ಇಡೀ ಇಂಗ್ಲೆಂಡಿನಲ್ಲಿ ಉಳಿದಿರುವುದು 163. ರೆಡಿಂಗ್‌ನಲ್ಲೇ ಗಂಡುಮಕ್ಕಳಿಗೆ ರೆಡಿಂಗ್ ಸ್ಕೂಲ್, ಹೆಣ್ಣುಮಕ್ಕಳಿಗೆ ಕೆಂಡ್ರಿಕ್ ಇವೆ. ಇವುಗಳ ದೊಡ್ಡ ಬಾಗಿಲು ಹನ್ನೊಂದನೆಯ ವಯಸ್ಸಿನಲ್ಲಿ ತೆರೆಯುತ್ತದೆ, ಅದಕ್ಕೆ ಇಲ್ಲಿನ ಮಕ್ಕಳು ಒಂಬತ್ತರಲ್ಲೇ ಟ್ಯೂಷನ್‌ಗೆ ಹೋಗುತ್ತಾರೆ. ಹದಿಮೂರು ಹದಿನಾಲ್ಕರ ಮಗುವಿನೊಂದಿಗೆ ಬಂದವರು ಆ ಚರ್ಚೆಯನ್ನು ನೆಮ್ಮದಿಯಿಂದ ಮ್ಯೂಟ್ ಮಾಡಬಹುದು. ಖಾಸಗಿ ಶಾಲೆಗಳ ಫೀಸಿನ ಮೇಲೆ 2025ರ ಜನವರಿ 1ರಿಂದ ಶೇ. 20ರಷ್ಟು ವ್ಯಾಟ್ ಬಿದ್ದಿದೆ. ಆ ದಾರಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವಷ್ಟು ನಮ್ಮ ಬ್ಯಾಂಕ್ ಖಾತೆ ಎಂದೂ ಅವಕಾಶ ಕೊಟ್ಟಿಲ್ಲ.

ಪೆನ್ಸಿಲಿನಲ್ಲಿ ಬರೆದ ಅಂಕಿಗಳು

ಮಗನಿಗೆ ಹತ್ತಿರದ ಶಾಲೆಯಲ್ಲಿ ಜಾಗ ಸಿಕ್ಕಿತು, ಮಗಳ ತರಗತಿ ಅಲ್ಲಿ ಭರ್ತಿಯಾಗಿತ್ತು. ಅವಳಿಗೆ ಸಿಕ್ಕಿದ್ದು ಬಸ್ಸಿನಲ್ಲಿ ಹೋಗಬೇಕಾದ ಇನ್ನೊಂದು ಶಾಲೆ. ಸೇರುವ ಮುನ್ನ ಉಪಮುಖ್ಯೋಪಾಧ್ಯಾಯರೊಬ್ಬರು ನಮ್ಮನ್ನು ಕರೆದು ಶಾಲೆ ತೋರಿಸಿದರು. ನಾನು ಫಲಿತಾಂಶದ ಬಗ್ಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡೇ ಹೋಗಿದ್ದೆ. ನನ್ನ ಚೀಟಿ ಹೊರಬರುವ ಮೊದಲೇ ಮಗಳು, ಮುಂದಿನ ವರ್ಷದ ವಿಷಯಗಳ ಆಯ್ಕೆ ಆಗಿಹೋಗಿದೆಯೇ ಎಂದು ಕೇಳಿದಳು. ಅವರು ಡ್ರಾಯರ್‌ನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ನಾಲ್ಕು ಕಾಲಂ, ಪ್ರತಿ ಕಾಲಮ್ಮಿನಲ್ಲಿ ಅಚ್ಚಾದ ವಿಷಯಗಳ ಹೆಸರು, ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದ ಉಳಿದ ಜಾಗಗಳ ಅಂಕಿ. ಒಂದು ಕಾಲಮ್ಮಿನಿಂದ ಒಂದೇ ವಿಷಯ ತೆಗೆದುಕೊಳ್ಳಬಹುದು. ಅವಳು ಆಸೆಪಟ್ಟಿದ್ದ ಕಂಪ್ಯೂಟರ್ ಸೈನ್ಸ್ ಮುಂದೆ ಸೊನ್ನೆ ಇತ್ತು, ಭೂಗೋಳದ ಮುಂದೆ ಎರಡು, ಅಡುಗೆ ಮತ್ತು ಪೋಷಣೆಯ ಮುಂದೆ ಧಾರಾಳವಾಗಿ ಆರು. ಇಲ್ಲಿನ ಮಕ್ಕಳು ಆ ಹಾಳೆಯನ್ನು ಚಳಿಗಾಲದಲ್ಲೇ ತುಂಬಿ ಕೊಟ್ಟಿದ್ದರು. ಮಗಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಆ ಅಂಕಿಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಲೆಕ್ಕ ಹಾಕಿದಳು. ಶಾಲೆಯ ಆಯ್ಕೆ ಎಂದು ನಾವು ತಿಂಗಳುಗಟ್ಟಲೆ ಮಾತಾಡಿದ್ದರ ಅಸಲು ರೂಪ ಆ ಹಾಳೆಯಲ್ಲಿತ್ತು.

ಗಣಿತಕ್ಕೆ ಮಕ್ಕಳ ಮಟ್ಟ ನೋಡಿ ಮಾಡುವ ಸೆಟ್‌ಗಳಲ್ಲಿ ಯಾವುದು ಎಂದು ನಾನು ಕೇಳಿದೆ. ಕೆಳಗಿನ ಸೆಟ್‌ನಲ್ಲಿ ಜಾಗವಿದೆ, ಆಮೇಲೆ ನೋಡೋಣ ಎಂದರು. ಇದನ್ನು ಹಾಗೆಯೇ ಬಿಡಬಾರದು. ಜಿಸಿಎಸ್‌ಇ ಗಣಿತದಲ್ಲಿ ಫೌಂಡೇಷನ್, ಹೈಯರ್ ಎಂದು ಎರಡು ಹಂತದ ಪ್ರಶ್ನೆಪತ್ರಿಕೆಗಳಿವೆ. ಗ್ರೇಡುಗಳು 9ರಿಂದ 1ರವರೆಗೆ, 9 ಅತ್ಯುತ್ತಮ. ಫೌಂಡೇಷನ್ ಬರೆದವರು ಒಂದೂ ತಪ್ಪಿಲ್ಲದೆ ಬರೆದರೂ ಸಿಗುವುದು 5. ಕೆಳಗಿನ ಸೆಟ್‌ನಲ್ಲಿ ಕೂತ ಮಗು ಸದ್ದಿಲ್ಲದೆ ಆ ಪತ್ರಿಕೆಯ ಕಡೆಗೆ ಸಾಗುತ್ತದೆ. ಮಗಳು ಚೀಲದಿಂದ ಬೆಂಗಳೂರಿನ ಗಣಿತದ ನೋಟ್‌ಬುಕ್ ತೆಗೆದು ಕೊಟ್ಟಳು. ಕಂದು ಬಣ್ಣದ ರಟ್ಟು, ಮೇಲೆ ಲೇಬಲ್, ಮಾರ್ಜಿನ್‌ನಲ್ಲಿ ಕೆಂಪು ಇಂಕಿನ ಸರಿ ಗುರುತುಗಳು. ಅವರು ಪುಟ ತಿರುವುತ್ತ ಲಾಗರಿದಮ್ ಅಧ್ಯಾಯದ ಬಳಿ ನಿಂತು, ಇದನ್ನು ನಾವು ಎ ಲೆವೆಲ್‌ನಲ್ಲಿ ಕಲಿಸುತ್ತೇವೆ ಎಂದರು. ಸೆಟ್ ಬದಲಾಯಿತು. ಊರಿನಿಂದ ಬರುವವರು ಪ್ರಮಾಣಪತ್ರಗಳನ್ನೆಲ್ಲ ಲ್ಯಾಮಿನೇಟ್ ಮಾಡಿಸಿ ತರುತ್ತಾರೆ. ಮಕ್ಕಳ ನೋಟ್‌ಬುಕ್‌ಗಳನ್ನು ರದ್ದಿಗೆ ಹಾಕಿ ಬರುತ್ತಾರೆ. ಆ ನೋಟ್‌ಬುಕ್‌ಗಳನ್ನು ದಯವಿಟ್ಟು ತನ್ನಿ.

ಇಂಗ್ಲಿಷ್ ಬಗ್ಗೆ ನಮಗೆ ಚಿಂತೆಯಿರಲಿಲ್ಲ, ನಿಜಕ್ಕೂ ಕಷ್ಟವಾದದ್ದು ಅದೇ. ಪಾಠದ ಸಾರಾಂಶ, ಪಾತ್ರದ ಗುಣಗಳು ಎಂದು ಬರೆದು ಅಭ್ಯಾಸವಾದವಳಿಗೆ, ಈ ಸಾಲಿನಲ್ಲಿ ಲೇಖಕ ಈ ಪದವನ್ನೇ ಏಕೆ ಬಳಸಿದ ಎಂದು ಒಂದು ಪುಟ ಬರೆಯುವುದು ಹೊಸ ವಿದ್ಯೆ. ಕನ್ನಡಕ್ಕೆ ಇಲ್ಲಿ ಜಾಗವೇ ಇಲ್ಲ. ಪಂಜಾಬಿ, ಗುಜರಾತಿ, ಉರ್ದು, ಬಂಗಾಳಿ ಭಾಷೆಗಳಿಗೆ ಜಿಸಿಎಸ್‌ಇ ಪರೀಕ್ಷೆ ಇದೆ. ಅಷ್ಟು ವರ್ಷ ಎರಡನೆಯ ಭಾಷೆಯಾಗಿ ಓದಿದ ಕನ್ನಡಕ್ಕೆ ಇಲ್ಲ. ಆ ಜಾಗದಲ್ಲಿ, ಮೂರನೆಯ ವರ್ಷಕ್ಕೆ ತಲುಪಿದ್ದ ಫ್ರೆಂಚ್ ತರಗತಿಯ ಹಿಂದಿನ ಸಾಲಿನಲ್ಲಿ ಅವಳು ಒಂದು ಟರ್ಮ್ ಪೂರ್ತಿ ಕೂತಳು.

ಆ ಶಾಲೆಯಲ್ಲಿ ಜಾಗ ಖಾಲಿ ಇದೆ ಎಂದ ಮಾತ್ರಕ್ಕೆ ಅದು ಕಳಪೆ ಇರಬೇಕೆಂದು ನಮ್ಮ ಪರಿಚಿತರು ಮುಖ ಸಣ್ಣದು ಮಾಡಿದ್ದರು. ನನಗೆ ಕಂಡದ್ದು ಬೇರೆ. ಜನ ಬಂದು ಹೋಗುವ ಕಡೆ ಇರುವ ಶಾಲೆಗೆ ವರ್ಷದ ನಡುವೆ ಬರುವ ಮಗುವನ್ನು ಹೇಗೆ ಕೂರಿಸಬೇಕೆಂದು ಗೊತ್ತಿರುತ್ತದೆ. ಮೊದಲ ದಿನವೇ ಇಬ್ಬರು ಹುಡುಗಿಯರನ್ನು ಜೊತೆಗೆ ಹಾಕಿದರು. ಒಬ್ಬಳು ಕೊಟ್ಟಾಯಂನಿಂದ ಬಂದ ನರ್ಸ್ ಒಬ್ಬರ ಮಗಳು, ತಾನೂ ಎರಡು ವರ್ಷದ ಹಿಂದೆ ಹೀಗೆಯೇ ಬಂದವಳು. ಹಾಗಿದ್ದರೂ ಮೊದಲ ಕೆಲವು ವಾರ ಮಗಳು ಊಟದ ಹೊತ್ತಿನಲ್ಲಿ ಲೈಬ್ರರಿಗೆ ಹೋಗಿ ಕೂರುತ್ತಿದ್ದಳೆಂದು ಬಹಳ ದಿನಗಳ ಮೇಲೆ ತಿಳಿಯಿತು. ಇಯರ್ 7ರಿಂದ ಜೊತೆಗಿರುವ ಹುಡುಗಿಯರ ಗುಂಪಿನೊಳಗೆ ಹದಿನಾಲ್ಕರಲ್ಲಿ ನುಸುಳುವುದು ಸುಲಭವಲ್ಲ. ಹನ್ನೊಂದರ ತಮ್ಮ ಮೊದಲ ವಾರವೇ ಫುಟ್‌ಬಾಲ್ ಆಡಿ ಮೊಣಕಾಲು ಕೆತ್ತಿಸಿಕೊಂಡು ಬಂದಿದ್ದ. ಎಲ್ಲರೂ ಹುಡುಕುವ, ಯಾರೂ ಬಿಟ್ಟು ಹೋಗದ ಶಾಲೆಯಲ್ಲಿ ಅವಳಿಗೆ ಜಾಗ ಸಿಕ್ಕಿದ್ದರೆ ಈ ಲೈಬ್ರರಿಯ ವಾಸ ಇನ್ನೂ ಉದ್ದವಾಗುತ್ತಿತ್ತು ಎಂದು ನನ್ನ ಅಂದಾಜು.

ಒಂದು ಪದದ ಸರ್ಟಿಫಿಕೇಟು

ಆಫ್‌ಸ್ಟೆಡ್ ಎಂಬ ತಪಾಸಣಾ ಸಂಸ್ಥೆ ಇಡೀ ಶಾಲೆಯನ್ನು ಔಟ್‌ಸ್ಟ್ಯಾಂಡಿಂಗ್, ಗುಡ್ ಎಂದು ಒಂದೇ ಪದದಲ್ಲಿ ಅಳೆಯುತ್ತಿದ್ದ ಪದ್ಧತಿ ಸರ್ಕಾರಿ ಶಾಲೆಗಳಿಗೆ 2024ರ ಸೆಪ್ಟೆಂಬರ್‌ನಲ್ಲೇ ನಿಂತುಹೋಗಿದೆ, 2025ರ ನವೆಂಬರ್‌ನಿಂದ ಬೇರೆ ಬೇರೆ ಅಂಶಗಳನ್ನು ತೋರಿಸುವ ರಿಪೋರ್ಟ್ ಕಾರ್ಡ್ ಬಂದಿದೆ. ಬಾಡಿಗೆ ಮನೆಯ ಜಾಹೀರಾತುಗಳಲ್ಲಿ ಆ ಹಳೆಯ ಪದ ಇನ್ನೂ ಮೆರೆಯುತ್ತಿದೆ. 2012ರಿಂದ 2020ರವರೆಗೆ ಔಟ್‌ಸ್ಟ್ಯಾಂಡಿಂಗ್ ಶಾಲೆಗಳಿಗೆ ಮಾಮೂಲಿ ತಪಾಸಣೆಯೇ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ಮಕ್ಕಳು ಸೇರಿದಾಗ ಎಲ್ಲಿದ್ದರು, ಹೊರಡುವಾಗ ಎಲ್ಲಿಗೆ ತಲುಪಿದರು ಎಂದು ಹೋಲಿಸುವ ಪ್ರೋಗ್ರೆಸ್ 8 ಎಂಬ ಅಳತೆ ನನಗೆ ಹೆಚ್ಚು ಇಷ್ಟ. ಆದರೆ ಕೋವಿಡ್ ಕಾಲದಲ್ಲಿ ಪ್ರಾಥಮಿಕ ಶಾಲೆಯ ಪರೀಕ್ಷೆಗಳು ನಡೆಯದ ಕಾರಣ 2025 ಮತ್ತು 2026ರಲ್ಲಿ ಇಯರ್ 11 ಮುಗಿಸುವ ಮಕ್ಕಳಿಗೆ ಆ ಅಂಕಿಯೇ ಇಲ್ಲ. ಹಾಗಾಗಿ ಅಂಕಿಗಳನ್ನು ಒಮ್ಮೆ ನೋಡಿ ಬದಿಗಿಟ್ಟು, ಮೂರೂಕಾಲಿಗೆ ಶಾಲೆ ಬಿಡುವ ಹೊತ್ತಿನಲ್ಲಿ ಗೇಟಿನ ಬಳಿ ಅರ್ಧ ಗಂಟೆ ನಿಂತು ನೋಡಿ ಎನ್ನುತ್ತೇನೆ.

ಅಜ್ಜಿಯ ಮನೆಯಲ್ಲಿ ಬಿಟ್ಟು ಬರುವುದೇ?

ದೊಡ್ಡ ಮಗು ಹತ್ತನೆಯ ತರಗತಿಯಲ್ಲಿದ್ದರೆ ಅಜ್ಜಿಯ ಮನೆಯಲ್ಲಿ ಬಿಟ್ಟು, ಪಿಯುಸಿ ಮುಗಿಸಿ ಕರೆಸಿಕೊಳ್ಳೋಣ ಎಂದು ಯೋಚಿಸುವವರು ಬಹಳ. ಹತ್ತನೆಯ ತರಗತಿ ಮುಗಿಯುವ ತನಕ ಬಿಡುವುದರಲ್ಲಿ ಅರ್ಥವಿದೆ, ಅದರಲ್ಲೂ ಆ ವರ್ಷದ ಆಗಸ್ಟ್ ಒಳಗೆ ಹದಿನಾರು ತುಂಬುವುದಾದರೆ. ಪಿಯುಸಿ ತನಕ ಎಳೆಯುವುದು ಅಪಾಯ, ಏಕೆಂದರೆ ಹದಿನೆಂಟು ತುಂಬಿದ ಮೇಲೆ ತಂದೆತಾಯಿಯ ಅವಲಂಬಿಯೆಂದು ಹೊಸದಾಗಿ ವೀಸಾ ಸಿಗುವುದಿಲ್ಲ. ಇನ್ನು ವಿಶ್ವವಿದ್ಯಾಲಯದ ಲೆಕ್ಕ. ಇಲ್ಲಿನವರಿಗೆ 2025-26ರಲ್ಲಿ ವರ್ಷಕ್ಕೆ ಗರಿಷ್ಠ 9,535 ಪೌಂಡ್ ಇದ್ದ ಫೀಸಿನ ಹಕ್ಕು ಸಿಗಲು ಸಾಮಾನ್ಯವಾಗಿ ಕಾಯಂ ವಾಸದ ಅನುಮತಿಯೂ ಬೇಕು, ಕೋರ್ಸಿಗೆ ಮುಂಚಿನ ಮೂರು ವರ್ಷದ ವಾಸವೂ ಬೇಕು. ಕೆಲಸದ ವೀಸಾದಲ್ಲಿ ಬಂದವರಿಗೆ ಈವರೆಗಿನ ನಿಯಮದಂತೆ ಆ ಅನುಮತಿಗೇ ಐದು ವರ್ಷ ಬೇಕಾಗುತ್ತಿತ್ತು. ಹನ್ನೊಂದಕ್ಕೆ ಬಂದ ಮಗ ಆ ಲೆಕ್ಕದೊಳಗೆ ನಿರಾಳವಾಗಿ ಬರುತ್ತಾನೆ. ಹದಿನಾಲ್ಕಕ್ಕೆ ಬಂದ ಮಗಳು ಬರುವುದಿಲ್ಲ. ಕಾಲೇಜಿಗೆ ಒಂದು ವರ್ಷ ತಡವಾಗಿ ಹೋಗುವುದೇ, ಹೊರದೇಶದವರ ಫೀಸು ಕಟ್ಟುವುದೇ, ಬೆಂಗಳೂರಿಗೆ ಮರಳಿ ಓದುವುದೇ ಎಂಬ ಮಾತು ನಮ್ಮ ಮನೆಯಲ್ಲಿ ಇನ್ನೂ ನಡೆಯುತ್ತಿದೆ. ಅತ್ಯುತ್ತಮ ಶಾಲೆಯಲ್ಲಿ ಸೀಟು ಸಿಕ್ಕಿದ್ದರೂ ಈ ಮಾತು ತಪ್ಪುತ್ತಿರಲಿಲ್ಲ.

ಹದಿನಾರರಲ್ಲಿ ಮತ್ತೊಂದು ಅರ್ಜಿ

ಹದಿನಾರರಲ್ಲಿ ಇಲ್ಲಿ ಎಲ್ಲರಿಗೂ ಇಸ್ಪೀಟು ಮತ್ತೆ ಕಲೆಸಿ ಹಂಚುತ್ತಾರೆ ಎಂಬುದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಇಯರ್ 12ಕ್ಕೆ ಇದ್ದ ಶಾಲೆಯಲ್ಲೇ ಮುಂದುವರಿಯಬಹುದು, ಇನ್ನೊಂದು ಶಾಲೆಯ ಸಿಕ್ಸ್ತ್ ಫಾರ್ಮ್‌ಗೆ (ಇಯರ್ 12, 13ರ ವಿಭಾಗಕ್ಕೆ) ಹೋಗಬಹುದು, ಪ್ರತ್ಯೇಕ ಸಿಕ್ಸ್ತ್ ಫಾರ್ಮ್ ಕಾಲೇಜು ಸೇರಬಹುದು. ಹಲವು ಗ್ರಾಮರ್ ಶಾಲೆಗಳೂ ಆಗ ಹೊರಗಿನವರನ್ನು ಜಿಸಿಎಸ್‌ಇ ಗ್ರೇಡ್ ನೋಡಿ ಸೇರಿಸಿಕೊಳ್ಳುತ್ತವೆ. ಅರ್ಜಿಗಳು ಇಯರ್ 11ರ ಚಳಿಗಾಲದಲ್ಲೇ ಹೋಗುತ್ತವೆ, ಆಗಸ್ಟ್‌ನಲ್ಲಿ ಫಲಿತಾಂಶ ಬಂದ ದಿನ ಸೀಟು ಖಚಿತವಾಗುತ್ತದೆ. ಹದಿನಾಲ್ಕರಲ್ಲಿ ಸಿಕ್ಕ ಶಾಲೆಯ ಬಗ್ಗೆ ಕೊರಗುವವರಿಗೆ ಎರಡೇ ವರ್ಷದಲ್ಲಿ ಈ ಎರಡನೆಯ ಅವಕಾಶ ಬರುತ್ತದೆ, ಅಲ್ಲಿ ಮನೆಯ ದೂರಕ್ಕಿಂತ ಮಗುವಿನ ಗ್ರೇಡು ಹೆಚ್ಚು ಕೆಲಸ ಮಾಡುತ್ತದೆ.

ಮಗಳು ಆ ಅರ್ಜಿಗಳನ್ನು ತಾನೇ ತುಂಬಿದಳು. ಒಂದು ಸಂಜೆ, ಶಾಲೆ ನೋಡಲು ಕರೆಯುವ ಓಪನ್ ಡೇಗಳಿಗೆ ಹೋಗಿ ತಂದಿದ್ದ ಕೈಪಿಡಿಗಳನ್ನು ಊಟದ ಮೇಜಿನ ತುಂಬ ಹರಡಿಕೊಂಡು ಕೂತಿದ್ದಳು. ನಾವಿಬ್ಬರೂ ಸೂಚಿಸಿದ್ದ, ಹೆಸರುವಾಸಿಯಾದ ಶಾಲೆಯನ್ನು ಎರಡನೆಯ ಜಾಗದಲ್ಲಿ ಬರೆದಿದ್ದಳು. ಏಕೆ ಎಂದು ಅವರಪ್ಪ ಕೇಳಿದಾಗ ಟೈಮ್‌ಟೇಬಲ್ ಇರುವ ಪುಟವನ್ನು ತಿರುಗಿಸಿ ತೋರಿಸಿದಳು: ಅಲ್ಲಿ ಕೆಮಿಸ್ಟ್ರಿ ಮತ್ತು ಸೈಕಾಲಜಿ ಒಂದೇ ಕಾಲಮ್ಮಿನಲ್ಲಿವೆ, ಎರಡನ್ನೂ ತೆಗೆದುಕೊಳ್ಳಲು ಬರುವುದಿಲ್ಲ. ಅವರಪ್ಪ ಇನ್ನೊಮ್ಮೆ ಓದಿ ನೋಡಿ, ಬಸ್ಸಿನ ಸಮಯ ವಿಚಾರಿಸಿದ್ದೀಯಾ ಎಂದರು. ವಿಚಾರಿಸಿದ್ದಳು.